ಸಿಂಗಳೀಕದ ಪಾಲು

ಕುಮಟೆಗೆ ಬಂದ ಪ್ರವಾಸಿಗರು ಸಾಮಾನ್ಯವಾಗಿ ಪಡುವಣಕ್ಕೇ ಮುಖಮಾಡುತ್ತಾರೆ. ಅಲ್ಲಿ ಕಡಲಿದೆ, ಮಳಲ ದಂಡೆಯಿದೆ, ಸಂಜೆಯ ಹೊತ್ತಿಗೆ ನೀರಿನಲ್ಲಿ ಕರಗುವ ಕೆಂಪು ಸೂರ್ಯನಿದ್ದಾನೆ. ಆದರೆ ಕುಮಟಾ ತಾಲೂಕಿನ ಹೊಳನಗದ್ದೆಯಂತಹ ಹಳ್ಳಿಯ ಬಯಲಿನಲ್ಲಿ ನಿಂತು, ಒಮ್ಮೆ ಕಡಲಿಗೆ ಬೆನ್ನು ತಿರುಗಿಸಿ ಮೂಡಣ ದಿಕ್ಕನ್ನು ನೋಡಿದವರಿಗೆ ಬೇರೆಯೇ ಒಂದು ನೋಟ ಕಾಣುತ್ತದೆ. ಗದ್ದೆಯ ಹಸುರು ಮುಗಿದಲ್ಲಿ ತೆಂಗಿನ ಸಾಲು, ತೆಂಗಿನ ಸಾಲು ಮುಗಿದಲ್ಲಿ ಕುರುಚಲು ಗುಡ್ಡ, ಅದರಾಚೆಗೆ ಒಂದರ ಬೆನ್ನಿಗೊಂದರಂತೆ ಮೇಲೇಳುತ್ತ ಹೋಗಿ ಕೊನೆಗೆ ಮುಗಿಲಿನೊಡನೆ ಒಂದಾಗುವ ಸಹ್ಯಾದ್ರಿಯ ನೀಲಶ್ರೇಣಿ. ಕಡಲಿನಿಂದ ಘಟ್ಟದ ನೆತ್ತಿಗೆ ಇಲ್ಲಿರುವ ಅಂತರ ಬಹಳವಲ್ಲ. ಮುಂಜಾನೆ ಮೀನು ಮಾರುವವರ ಕೂಗನ್ನು ಕೇಳಿ ಹೊರಟವನು ಮಧ್ಯಾಹ್ನದ ಊಟಕ್ಕೆ ಅಡಕೆಯ ತೋಟದ ಮನೆಯೊಂದನ್ನು ಸೇರಬಹುದು. ಈ ಕಿರಿದಾದ ಅಂತರದ ನಡುವೆ, ಜಗತ್ತಿನ ಬೇರಾವ ಬೆಟ್ಟದಲ್ಲಿಯೂ ಇಲ್ಲದ, ಸಹ್ಯಾದ್ರಿಗೇ ಮೀಸಲಾದ ಪ್ರಾಣಿಯೊಂದರ ದೊಡ್ಡ ನೆಲೆಯಿದೆ. ಅದೇ ಸಿಂಗಳೀಕ.

ಮೂವರು ನೆರೆಯವರು

ಕರಾವಳಿಯ ತೋಟಗಾರನಿಗೆ ಕಪಿಗಳ ಪರಿಚಯವನ್ನು ಹೊಸತಾಗಿ ಮಾಡಿಕೊಡಬೇಕಾದುದಿಲ್ಲ. ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿಕೊಂಡ ಮಂಗ, ಹೆಂಚು ಸರಿಸಿ ಅಡುಗೆಯ ಮನೆಗೆ ಇಳಿಯುವ ಧೀರ. ಕರಿಯ ಮೋರೆಯ, ಬೂದು ಮೈಯ, ಉದ್ದ ಬಾಲದ ಮುಸುವ ಹಿಂಡುಗಟ್ಟಿ ಬಂದು ಚಿಗುರನ್ನೂ ಎಳೆಗಾಯನ್ನೂ ಮುರಿದೆಸೆದು ಹೋಗುವ ಅತಿಥಿ. ಇವೆರಡೂ ಮನುಷ್ಯನ ಸಹವಾಸಕ್ಕೆ ಹೊಂದಿಕೊಂಡವು. ದೇವಾಲಯದ ಗೋಪುರವೂ ಅವಕ್ಕೆ ಒಂದೇ, ಹೆದ್ದಾರಿಯ ಬದಿಯೂ ಒಂದೇ.

ಮೂರನೆಯ ನೆರೆಯವನ ಸ್ವಭಾವ ಬೇರೆ. ಸಿಂಗಳೀಕದ ಮೈ ಹೊಳೆಯುವ ಕಪ್ಪು. ಕಪ್ಪು ಮೋರೆಯ ಸುತ್ತಲೂ ಬೆಳ್ಳಿಬೂದು ಬಣ್ಣದ ಕೇಸರ. ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂತಹ ಕುಚ್ಚು. ಈ ಕುಚ್ಚಿನಿಂದಲೇ ಅದಕ್ಕೆ ಸಿಂಹಬಾಲದ ಕೋತಿ ಎಂಬ ಇನ್ನೊಂದು ಹೆಸರು ಬಂದಿದೆ. ಅದು ಹುಟ್ಟುವುದು, ಬೆಳೆಯುವುದು, ನಿದ್ರಿಸುವುದು ಎಲ್ಲವೂ ಮಳೆಕಾಡಿನ ಎತ್ತರದ ಮರಗಳ ಮೇಲೆ. ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆ ಕೂಡಿಕೊಂಡಿರುವವರೆಗೆ ಅದರ ರಾಜ್ಯ. ಕೊಂಬೆ ಕಡಿದುಹೋದಲ್ಲಿ ಅದರ ಗಡಿ. ಹೊಳನಗದ್ದೆಯ ತೋಟಕ್ಕೆ ಅದು ಬಾರದಿರುವುದು ಮನುಷ್ಯನ ಮೇಲಿನ ಕೋಪದಿಂದಲ್ಲ. ಬರುವ ದಾರಿ ಮರಗಳ ನೆತ್ತಿಯ ಮೇಲೆ ಇಲ್ಲವೆಂಬುದರಿಂದ.

ಒಂದು ಹಿಂಡಿನಲ್ಲಿ ಸಾಮಾನ್ಯವಾಗಿ ಒಂದು ಪ್ರಾಯದ ಗಂಡು, ಹಲವು ಹೆಣ್ಣುಗಳು ಮತ್ತು ಮರಿಗಳು ಸೇರಿ ಹದಿನೈದು ಇಪ್ಪತ್ತು ಪ್ರಾಣಿಗಳಿರುತ್ತವೆ. ಹೆಣ್ಣು ತನ್ನ ಮೊದಲ ಮರಿಯನ್ನು ಹೆರುವಾಗ ಅದಕ್ಕೆ ಆರು ವರ್ಷ ಮೀರಿರುತ್ತದೆ. ಆಮೇಲೆ ಒಂದು ಮರಿಗೂ ಇನ್ನೊಂದಕ್ಕೂ ಎರಡೂವರೆ ಮೂರು ವರ್ಷಗಳ ಅಂತರ. ಇಷ್ಟು ನಿಧಾನವಾಗಿ ವಂಶ ಬೆಳೆಸುವ ಪ್ರಾಣಿ ಒಮ್ಮೆ ಸಂಖ್ಯೆಯಲ್ಲಿ ಕುಗ್ಗಿದರೆ ಮತ್ತೆ ತಲೆಯೆತ್ತಲು ಬಹುಕಾಲ ಬೇಕಾಗುವುದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಮಿಳುನಾಡಿನ ಕಳಕ್ಕಾಡಿನಿಂದ ಉತ್ತರ ಕನ್ನಡದವರೆಗೆ ಹರಡಿರುವ ಇವುಗಳ ಒಟ್ಟು ಸಂಖ್ಯೆ ನಾಲ್ಕು ಸಾವಿರವನ್ನು ಮೀರದೆಂದು ತಜ್ಞರ ಅಂದಾಜು. ಆ ಸರಣಿಯ ಉತ್ತರದ ಕಟ್ಟಕಡೆಯ ನೆಲೆಯೇ ನಮ್ಮ ಶಿರಸಿ–ಹೊನ್ನಾವರದ ಕಾಡು.

ಘಟ್ಟದ ದಾರಿ

ಈ ಕಾಡನ್ನು ಕಾಣಬೇಕಾದರೆ ಕುಮಟೆಯಿಂದ ಸಿದ್ದಾಪುರದ ದಾರಿ ಹಿಡಿಯಬೇಕು. ಹಳೆಯ ಇಗರ್ಜಿಯ ಚಂದಾವರ ಹಿಂದೆ ಸರಿಯುತ್ತದೆ. ಸಂತೆಗುಳಿ ದಾಟಿದ ಮೇಲೆ ಗದ್ದೆಗಳು ಕಿರಿದಾಗುತ್ತ ಹೋಗಿ, ಕಣಿವೆಯ ಮಡಿಲಲ್ಲಿ ಅಡಕೆಯ ತೋಟಗಳು ಕಾಣತೊಡಗುತ್ತವೆ. ಮುಂದೆ ದೊಡ್ಮನೆಯ ಘಟ್ಟ. ತಿರುವು ತಿರುವಿಗೂ ಗಾಳಿ ತಂಪಾಗುತ್ತದೆ, ಬೆಳಕು ಹಸುರಾಗುತ್ತದೆ. ಮಳೆಗಾಲದಲ್ಲಾದರೆ ಉಂಬಳಗಳು ಬರಿಗಾಲನ್ನು ಹುಡುಕಿಕೊಂಡು ಬಂದು ಸ್ವಾಗತ ನೀಡುತ್ತವೆ.

ಈ ಕಾಡುಗಳ ನಡುವೆ ಹರಿಯುವವಳು ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ೧೧೬ ಮೀಟರು ಎತ್ತರದಿಂದ ಧುಮುಕಿ, ತದಡಿಯ ಬಳಿ ಕಡಲನ್ನು ಸೇರುವ ಈ ನದಿಗೆ ಅಡ್ಡಲಾಗಿ ಒಂದೂ ಅಣೆಕಟ್ಟಿಲ್ಲ. ಉಂಚಳ್ಳಿಯ ಜಲಪಾತವನ್ನು ೧೮೪೫ರಲ್ಲಿ ಹೊರಜಗತ್ತಿಗೆ ತಿಳಿಸಿದ ಕಲೆಕ್ಟರ್ ಲಷಿಂಗ್ಟನ್ನನ ಹೆಸರಿನಿಂದಲೂ ಅದನ್ನು ಕರೆಯುವುದುಂಟು. ಊರವರ ಬಾಯಲ್ಲಿ ಮಾತ್ರ ಅದು ಕೆಪ್ಪಜೋಗ, ಏಕೆಂದರೆ ಅದರ ಮೊರೆತದ ಮುಂದೆ ಕಿವಿ ಕೆಪ್ಪಾಗುತ್ತದೆ. ನೆರೆಯ ಶರಾವತಿಯ ಕಥೆ ಹೀಗಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಾಗ ಆ ಕಣಿವೆಯ ಹಳ್ಳಿಗಳೊಡನೆ ಕಾಡೂ ನೀರಿನಡಿಗೆ ಹೋಯಿತು. ಹೀಗೆ ಅಣೆಕಟ್ಟು ಕಂಡ ನದಿಯೊಂದು, ಕಾಣದ ನದಿಯೊಂದು. ಇವೆರಡರ ನಡುವಣ ಮಲೆಗಳಲ್ಲಿ ಸಿಂಗಳೀಕದ ಸಂಸಾರ.

ಬೆನ್ನು ಹತ್ತಿದ ಪಂಡಿತರು

ಕಪಿಯನ್ನು ನೋಡುವುದೂ ಒಂದು ವಿದ್ಯೆಯೆ ಎಂದು ನಗುವವರಿದ್ದಾರೆ. ಆ ವಿದ್ಯೆಯ ಇತಿಹಾಸದಲ್ಲಿ ಕನ್ನಡ ನಾಡಿಗೆ ಗೌರವದ ಸ್ಥಾನವಿದೆ. ೧೯೬೧ರಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಅವರು ಧಾರವಾಡದ ಕಡೆಯ ಕಾಡಿಗೆ ಬಂದು ಮುಸುವಗಳ ಹಿಂಡುಗಳನ್ನು ದಿನವೂ ಹಿಂಬಾಲಿಸತೊಡಗಿದರು. ಅವರ ಕಣ್ಣೆದುರಿನಲ್ಲಿಯೇ ಗಂಡುಗಳ ಗುಂಪೊಂದು ಹಿಂಡಿನ ಮೇಲೆ ಬಿದ್ದು ಹಳೆಯ ಯಜಮಾನನನ್ನು ಓಡಿಸಿತು. ಗೆದ್ದು ನಿಂತ ಹೊಸ ಯಜಮಾನ ಹಿಂಡಿನ ಎಳೆಮರಿಗಳನ್ನು ಕೊಂದುಹಾಕಿತು. ೧೯೬೫ರಲ್ಲಿ ಪ್ರಕಟವಾದ ಈ ವರದಿ ಪಂಡಿತರನ್ನು ಬೆಚ್ಚಿಬೀಳಿಸಿತು. ಪ್ರಾಣಿಗಳು ತಮ್ಮ ಜಾತಿಯ ಒಳಿತಿಗಾಗಿಯೇ ನಡೆದುಕೊಳ್ಳುತ್ತವೆಂಬ ಅಂದಿನ ನಂಬಿಕೆಗೆ ಅದು ಸರಿಹೊಂದುವಂತಿರಲಿಲ್ಲ. ಅಮೆರಿಕೆಯ ಸಾರಾ ಹರ್ಡಿ ಅವರು ೧೯೭೧ರಿಂದ ರಾಜಸ್ಥಾನದ ಆಬೂ ಪರ್ವತದಲ್ಲಿ ನಡೆಸಿದ ಅಧ್ಯಯನದಿಂದ ಈ ವಿಷಯ ಜಗತ್ತಿನ ಚರ್ಚೆಯಾಯಿತು. ಆ ಚರ್ಚೆಯ ಮೊದಲ ಎಳೆ ಧಾರವಾಡದ ಸಾಗುವಾನಿಯ ನೆರಳಿನಲ್ಲಿ ದೊರೆತದ್ದು.

ಮುಸುವನನ್ನು ನೆಲದಲ್ಲಿ ನಿಂತು ನೋಡಬಹುದು. ಸಿಂಗಳೀಕವನ್ನು ಹಾಗೆ ನೋಡಲಾಗದು. ಎತ್ತರದ ಎಲೆಚಪ್ಪರದ ಮರೆಯಲ್ಲಿರುವ ಕಪ್ಪು ಪ್ರಾಣಿಯನ್ನು ಕಂಡುಹಿಡಿಯುವುದೇ ಮೊದಲ ಕಷ್ಟ. ಗಂಡಿನ ದೂರ ಕೇಳುವ ಕೂಗು, ಅಲುಗುವ ಕೊಂಬೆ, ನೆಲದ ಮೇಲೆ ಬಿದ್ದ ಅರೆಕಚ್ಚಿದ ಹಣ್ಣು, ಇವೇ ಗುರುತುಗಳು. ಹಿಂಡು ಸಿಕ್ಕಿದ ಮೇಲೆ ಅದು ಮನುಷ್ಯನ ಇರವಿಗೆ ಅಂಜದಷ್ಟು ಪಳಗಲು ಕೆಲವು ಕಾಲ ಬೇಕು. ಆಮೇಲೆ ಬೆಳಕು ಹರಿಯುವ ಮೊದಲೇ ಹಿಂಡು ಮಲಗಿದ ಮರದಡಿಗೆ ಹೋಗಿ ನಿಂತು, ಸಂಜೆ ಅದು ಮತ್ತೊಂದು ಮರದಲ್ಲಿ ಮಲಗುವವರೆಗೆ ಹಿಂಬಾಲಿಸಬೇಕು. ಇಷ್ಟಿಷ್ಟು ನಿಮಿಷಕ್ಕೊಮ್ಮೆ ಯಾವ ಪ್ರಾಣಿ ಏನು ಮಾಡುತ್ತಿದೆ, ಯಾವ ಮರದ ಏನನ್ನು ತಿನ್ನುತ್ತಿದೆ ಎಂದು ಬರೆದುಕೊಳ್ಳಬೇಕು. ತಿಂಗಳಿಗೊಮ್ಮೆ ಗುರುತು ಹಾಕಿದ ಮರಗಳನ್ನೆಲ್ಲ ಸುತ್ತಿ, ಚಿಗುರೆಷ್ಟು, ಹೂವೆಷ್ಟು, ಹಣ್ಣೆಷ್ಟು ಎಂದು ಲೆಕ್ಕವಿಡಬೇಕು. ಜಡಿಮಳೆಯಲ್ಲಿ ನಡೆಯುವ ಈ ಕೆಲಸದಲ್ಲಿ ಕಾಡಿನ ಅಂಚಿನ ಹಳ್ಳಿಯವರ ಕಣ್ಣು ಕಿವಿಗಳ ನೆರವಿಲ್ಲದೆ ಪಂಡಿತರ ಪುಸ್ತಕ ತುಂಬುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮೇವಾ ಸಿಂಗ್ ಅವರೂ ಅವರೊಡನೆ ದುಡಿದ ಹೊನ್ನವಳ್ಳಿ ಎನ್. ಕುಮಾರ ಅವರೂ ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕದ ಮಳೆಕಾಡುಗಳನ್ನು ಕ್ರಮವಾಗಿ ಶೋಧಿಸಿದರು. ಶಿರಸಿ–ಹೊನ್ನಾವರದ ಕಾಡಿನಲ್ಲಿ ಅವರಿಗೆ ದೊರೆತ ಸಿಂಗಳೀಕದ ಹಿಂಡುಗಳು ೩೨; ಪ್ರಾಣಿಗಳು ಆರುನೂರಕ್ಕೂ ಹೆಚ್ಚು. ಊರವರಿಗೆ ಸಿಂಗಳೀಕ ಹೊಸತಲ್ಲ. ಆದರೆ ಒಂದೇ ಕಾಡಿನಲ್ಲಿ, ತುಂಡಾಗದೆ, ಇಷ್ಟು ದೊಡ್ಡ ಸಮುದಾಯ ಉಳಿದಿದೆಯೆಂಬುದು ವಿಜ್ಞಾನಲೋಕಕ್ಕೆ ಹೊಸ ಸುದ್ದಿಯಾಗಿತ್ತು. ಆಶ್ಚರ್ಯದ ಇನ್ನೊಂದು ಮಾತೂ ಇದರಲ್ಲಿದೆ. ದಕ್ಷಿಣದ ಆನೆಮಲೆ, ಕಳಕ್ಕಾಡುಗಳಲ್ಲಿ ಸಿಂಗಳೀಕದ ಮುಖ್ಯ ಆಹಾರ ಕಲ್ಲೇನಿಯಾ ಎಂಬ ಮರದ ಹೂವು ಕಾಯಿಗಳು. ಆ ಮರ ನಮ್ಮ ಕಾಡಿನಲ್ಲಿಲ್ಲ. ಇಲ್ಲಿಯ ಸಿಂಗಳೀಕ ಅತ್ತಿ, ಹಲಸು, ಬೈನೆ, ಉಪ್ಪಾಗೆಗಳೆಂದು ತಿಂಗಳಿಗೊಂದು ಮರದ ಮನೆಯಲ್ಲಿ ಉಂಡು, ನಡುನಡುವೆ ಎಲೆ ಮಗುಚಿ ಹುಳುಹುಪ್ಪಡಿಗಳನ್ನು ಹಿಡಿದು ವರ್ಷ ಕಳೆಯುತ್ತದೆ.

ಕಾನು ಉಳಿದ ಬಗೆ

ಜನ ತುಂಬಿದ ಈ ಸೀಮೆಯಲ್ಲಿ ಇಷ್ಟು ಕಾಡು ಉಳಿದುದು ಹೇಗೆ? ಉತ್ತರ ಒಂದೇ ಅಲ್ಲ. ಮಲೆನಾಡಿನವರು ನಿತ್ಯಹಸುರಿನ ದಟ್ಟ ಕಾಡನ್ನು ಕಾನು ಎನ್ನುತ್ತಾರೆ. ಕಾನಿನ ನೆರಳಿನಲ್ಲಿ ಮೆಣಸಿನ ಬಳ್ಳಿ ಹಬ್ಬುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಹದಿನಾರನೆಯ ಶತಮಾನದ ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದುದು ಈ ಸಂಪತ್ತಿನಿಂದಲೇ. ಅನೇಕ ಕಾನುಗಳಲ್ಲಿ ದೇವರ ಬನಗಳಿದ್ದುವು. ಅಲ್ಲಿ ಕೊಡಲಿಗೆ ಪ್ರವೇಶವಿರಲಿಲ್ಲ. ತೋಟದ ಅಡಕೆಗೆ ನೀರೊದಗಿಸುವ ಒರತೆ ಕಾನಿನ ಬೇರಿನಲ್ಲಿದೆಯೆಂಬುದನ್ನು ಹಿರಿಯರು ಅರಿತಿದ್ದರು.

ಆದರೆ ಅರಿವೊಂದೇ ಕಾಡನ್ನು ಕಾಯಲಿಲ್ಲ. ಪ್ಲೈವುಡ್ಡಿಗಾಗಿಯೂ ರೈಲು ಹಳಿಗಳ ದಿಮ್ಮಿಗಾಗಿಯೂ ಇಲ್ಲಿಯ ಹೆಮ್ಮರಗಳು ಉರುಳಿದುವು. ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯಲು ಗುರುತಿಟ್ಟ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಆ ಅಪ್ಪಿಕೋ ಚಳವಳಿಯ ಬಿಸಿ ಸರಕಾರಕ್ಕೆ ತಟ್ಟಿತು. ಆ ದಶಕ ಮುಗಿಯುವ ಮೊದಲೇ ಘಟ್ಟದ ಕಾಡುಗಳಲ್ಲಿ ಹಸಿಮರ ಕಡಿಯುವುದು ನಿಂತಿತು. ಸಿಂಗಳೀಕದ ಹೆಸರನ್ನೆತ್ತದೆಯೆ ಆ ಹಳ್ಳಿಗರು ಅದರ ಮನೆಯನ್ನು ಉಳಿಸಿದರು. ಸುಮಾರು ಅದೇ ಕಾಲಕ್ಕೆ ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಸಿಂಗಳೀಕದ ಹೆಸರನ್ನೇ ಮುಂದಿಟ್ಟುಕೊಂಡು ನಡೆದ ಹೋರಾಟದಿಂದ ವಿದ್ಯುತ್ ಯೋಜನೆಯೊಂದು ೧೯೮೩ರಲ್ಲಿ ಕೈಬಿಟ್ಟಿತು. ಮರುವರ್ಷ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಈ ಮಲೆಗಳು ಏನನ್ನು ಬಚ್ಚಿಟ್ಟುಕೊಂಡಿವೆಯೆಂಬುದಕ್ಕೆ ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯ ಕತ್ತಲೆಕಾನು ಸಾಕ್ಷಿ. ಹೆಸರಿಗೆ ತಕ್ಕ ಕಾಡು ಅದು. ನಡುಹಗಲಿನಲ್ಲಿಯೂ ಅಲ್ಲಿ ಮುಸ್ಸಂಜೆ. ಒಳಗೆ ಸದಾ ನೀರು ಜಿನುಗುವ ಕೆಸರುನೆಲದಲ್ಲಿ ಜಾಜಿಕಾಯಿಯ ಕುಲದ ರಾಮಪತ್ರೆಯ ಬಂಧುಗಳು ಊರುಗೋಲಿನಂತಹ ಬೇರುಗಳ ಮೇಲೆ ನಿಂತಿವೆ; ಕೆಲವು ಬೇರುಗಳು ಉಸಿರಾಡಲೆಂದು ಮಂಡಿ ಮಡಿಸಿದಂತೆ ಕೆಸರಿನಿಂದ ಮೇಲೆದ್ದಿವೆ. ೨೦೦೦ದಲ್ಲಿ ಸಸ್ಯಶಾಸ್ತ್ರಜ್ಞರು ಇಲ್ಲಿ ಜಗತ್ತಿಗೇ ಹೊಸತಾದ ಒಂದು ಮರವನ್ನು ಗುರುತಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಕುಮಟೆಯ ಡಾಕ್ಟರ್ ಎ. ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತಿದ್ದ ಎಂ. ಡಿ. ಸುಭಾಷ್ ಚಂದ್ರನ್ ಅವರು ಇಂತಹ ಕಾನುಗಳ ಮತ್ತು ಜೌಗುಗಳ ಅಧ್ಯಯನಕ್ಕೆ ದಶಕಗಳನ್ನೇ ಕೊಟ್ಟಿದ್ದಾರೆ.

ಒಂದು ಮರ, ಇಬ್ಬರು ಹಕ್ಕುದಾರರು

ಕೊಡಲಿ ನಿಂತಿತು, ಸಿಂಗಳೀಕ ಸುಖವಾಗಿದೆ ಎಂದು ಕಥೆ ಮುಗಿಸಬಹುದಾಗಿದ್ದರೆ ಒಳ್ಳೆಯದಿತ್ತು. ಆದರೆ ಇಂದಿನ ಇಕ್ಕಟ್ಟು ಮರದ ಬುಡದಲ್ಲಿಲ್ಲ, ಹಣ್ಣಿನಲ್ಲಿದೆ.

ಉಪ್ಪಾಗೆಯ ಮರವನ್ನು ಕರಾವಳಿಯ ವಾಚಕರು ಬಲ್ಲರು. ನಮ್ಮ ಮುರುಗಲಿನ ಸೋದರಸಂಬಂಧಿ ಅದು. ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿಯೂ ಅದೇ. ಮಳೆಗಾಲದಲ್ಲಿ ಹಣ್ಣಾಗುತ್ತದೆ. ಸಿಪ್ಪೆ ಹುಳಿಗೆ, ಬೀಜದಿಂದ ತೆಗೆದ ತುಪ್ಪ ಅಡುಗೆಗೆ. ಹಳೆಯ ಮನೆಗಳಲ್ಲಿ ಅದರ ಬಳಕೆ ಇಷ್ಟೇ ಇತ್ತು. ಸಿಪ್ಪೆಯಲ್ಲಿರುವ ಆಮ್ಲವೊಂದು ಮೈಯ ಬೊಜ್ಜನ್ನು ಕರಗಿಸುತ್ತದೆಂಬ ಪ್ರಚಾರ ೧೯೯೦ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ಹಬ್ಬಿದ ಮೇಲೆ ಉಪ್ಪಾಗೆಯ ಬಾಳು ಬದಲಾಯಿತು. ಒಣಗಿದ ಸಿಪ್ಪೆಗೆ ಬೆಲೆ ಬಂತು. ಕೂಲಿಯಿಲ್ಲದ ಮಳೆಗಾಲದ ತಿಂಗಳುಗಳಲ್ಲಿ ಕಾಡಂಚಿನ ಬಡ ಸಂಸಾರಗಳಿಗೆ ಅದೊಂದು ಕೈಗಾಸಾಯಿತು. ಮಗುವಿನ ಶಾಲೆಯ ಪುಸ್ತಕ, ಸೋರುವ ಮಾಡಿನ ರಿಪೇರಿ, ಅಂಗಡಿಯ ಸಾಲ, ಎಷ್ಟೋ ಮನೆಗಳಲ್ಲಿ ಇವು ಉಪ್ಪಾಗೆಯನ್ನು ನೆಚ್ಚಿಕೊಂಡಿವೆ. ಈ ಆದಾಯವನ್ನು ನಗರದಲ್ಲಿ ಕುಳಿತು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಕಷ್ಟ ಆರಂಭವಾಗುವುದು ಮರ ಎಲ್ಲರದೂ ಆದಾಗ. ಸರಕಾರಿ ಕಾಡಿನ ಮರದಲ್ಲಿ ಹಣ್ಣು ಮಾಗುವವರೆಗೆ ಕಾದವನಿಗೆ ದೊರೆಯುವುದು ಬರಿಯ ಕೊಂಬೆ. ಮುಂಚೆ ಬಂದವನು ಕೊಯ್ದಿರುತ್ತಾನೆ. ಆದುದರಿಂದ ಎಲ್ಲರೂ ಮುಂಚೆ ಬರುತ್ತಾರೆ, ಕಾಯಿಯನ್ನೇ ಉದುರಿಸುತ್ತಾರೆ, ಅವಸರದಲ್ಲಿ ಕೊಂಬೆಯನ್ನೂ ಕಡಿಯುವುದುಂಟು. ಬಿಸಿಲಿಲ್ಲದ ದಿನಗಳಲ್ಲಿ ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸಬೇಕಾದುದರಿಂದ ಗಾಡಿಗಟ್ಟಲೆ ಸೌದೆಯೂ ಉರಿಯುತ್ತದೆ. ಕಲ್ಲೇನಿಯಾ ಇಲ್ಲದ ನಾಡಿನಲ್ಲಿ ಮಳೆಗಾಲಕ್ಕೆ ಉಪ್ಪಾಗೆಯನ್ನು ನಂಬಿದ್ದ ಸಿಂಗಳೀಕ ಆ ಹೊತ್ತಿಗೆ ಅಲ್ಲಿಗೆ ಬಂದರೆ, ಊಟ ಮುಗಿದ ಮನೆಯ ಖಾಲಿ ಎಲೆ. ಸಂಶೋಧಕರು ಈ ಪೈಪೋಟಿಯನ್ನು ವಿಶೇಷವಾಗಿ ಅಭ್ಯಸಿಸಿದ್ದಾರೆ. ಹಣ್ಣು ತಪ್ಪಿದ ಹಿಂಡು ದೂರ ಅಲೆಯಬೇಕು. ಅಲೆದಾಟ ಹೆಚ್ಚಿದಷ್ಟೂ ತಾಯಿಯ ಮೈ ಸೊರಗುತ್ತದೆ. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಸಿಂಗಳೀಕ ಹಣ್ಣನ್ನು ಗಲ್ಲದ ಚೀಲದಲ್ಲಿ ತುಂಬಿಕೊಂಡು ಹೋಗಿ, ದೂರದ ಕೊಂಬೆಯಲ್ಲಿ ಕುಳಿತು ತಿಂದು, ಬೀಜವನ್ನು ಉಗುಳುತ್ತದೆ. ಹೀಗೆ ಅದು ಉಂಡ ಮನೆಗೆ ಬಿತ್ತನೆಯ ಕೆಲಸ ಮಾಡಿ ಋಣ ತೀರಿಸುತ್ತದೆ. ಹಣ್ಣೆಲ್ಲ ಒಲೆಯ ಮೇಲೇರಿದರೆ ನಾಳೆಯ ಉಪ್ಪಾಗೆ ಎಲ್ಲಿಂದ ಹುಟ್ಟಬೇಕು? ಅಂದು ಬರಿಗೈಯಾಗುವುದು ಕಪಿಯೊಂದೇ ಅಲ್ಲ, ಹೆಡಿಗೆ ಹೊತ್ತು ಬಂದ ಮನುಷ್ಯನೂ ಕೂಡ.

ಕಾನೂನು ಮತ್ತು ಕಾಳಜಿ

ಸಂಶೋಧಕರ ಮಾತಿಗೆ ಸರಕಾರ ಕಿವಿಗೊಟ್ಟಿತು. ೨೦೧೧ರಲ್ಲಿ ಸುಮಾರು ೩೦೦ ಚದರ ಕಿಲೊಮೀಟರಿನ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಂತಹ ಮೀಸಲಿನಲ್ಲಿ ಒಳಗಿರುವ ಜನರ ಹಕ್ಕುಗಳಿಗೆ ಬಾಧೆಯಿಲ್ಲ. ಜನರೊಡನೆ ಕುಳಿತು ಕಾಡನ್ನು ನೋಡಿಕೊಳ್ಳಬೇಕೆಂಬುದೇ ಅದರ ಆಶಯ. ೨೦೧೯ರಲ್ಲಿ ಈ ಪ್ರದೇಶವನ್ನೂ ಶರಾವತಿ ಕಣಿವೆಯ ಅಭಯಾರಣ್ಯವನ್ನೂ ನಡುವಣ ಕಾಡುಗಳನ್ನೂ ಕೂಡಿಸಿ, ಸುಮಾರು ೯೩೦ ಚದರ ಕಿಲೊಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು. ಅಭಯಾರಣ್ಯದ ಕಟ್ಟಳೆಗಳು ಮೀಸಲಿಗಿಂತ ಬಿಗಿ. ಪ್ರಾಣಿಗೆ ಹೆಚ್ಚು ರಕ್ಷಣೆ ದೊರೆಯಿತೆಂಬ ಸಮಾಧಾನ ಒಂದು ಕಡೆ. ತಲೆಮಾರುಗಳಿಂದ ಸೊಪ್ಪು, ಸೌದೆ, ಹಣ್ಣು ತಂದವರ ಆತಂಕ ಇನ್ನೊಂದು ಕಡೆ. ಎರಡೂ ಸುಳ್ಳಲ್ಲ.

ಇದೇ ಕಾಲದಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ ೨೦೦೦ ಮೆಗಾವಾಟ್ ವಿದ್ಯುತ್ ಪಡೆಯುವ ಭೂಗರ್ಭ ಯೋಜನೆಯ ಪ್ರಸ್ತಾಪವೂ ಈ ಅಭಯಾರಣ್ಯದ ಮುಂದೆ ಬಂದು ನಿಂತು, ತೀವ್ರ ವಿರೋಧವನ್ನು ಎದುರಿಸಿತು. ನಗರದ ದೀಪಕ್ಕೆ ವಿದ್ಯುತ್ ಬೇಕೆಂಬುದು ನಿಜ. ಆದರೆ ಕೊಂಬೆಯ ದಾರಿಯೊಂದನ್ನೇ ಬಲ್ಲ ಪ್ರಾಣಿಗೆ, ಅಗಲವಾದ ಒಂದು ರಸ್ತೆಯೂ ದಾಟಲಾರದ ಹೊಳೆಯೆಂಬುದು ಅಷ್ಟೇ ನಿಜ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ತುಂಡುಕಾಡಿನಲ್ಲಿ ಸಿಕ್ಕಿಕೊಂಡ ಸಿಂಗಳೀಕಗಳು ನೆಲಕ್ಕಿಳಿದು ರಸ್ತೆ ದಾಟಬೇಕಾಗಿ ಬಂದಿದೆ. ಅವು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಪ್ಪಿಸಲು ಮರದಿಂದ ಮರಕ್ಕೆ ಸೇತುವೆಗಳನ್ನು ಕಟ್ಟಿದ್ದಾರೆ. ಅಲ್ಲಿ ಮನುಷ್ಯ ಕೈಯಾರೆ ಹೆಣೆದುಕೊಡಬೇಕಾದ ದಾರಿ ನಮ್ಮಲ್ಲಿ ಇನ್ನೂ ತಾನಾಗಿಯೇ ಇದೆ. ಅದನ್ನು ಕಡಿಯದಿರುವುದು ಮತ್ತೆ ಕಟ್ಟುವುದಕ್ಕಿಂತ ಸುಲಭವಲ್ಲವೆ?

ಈ ಕಡೆಗೆ ಪ್ರವಾಸ ಬರುವ ವಾಚಕರಲ್ಲಿ ಒಂದು ಬಿನ್ನಹವುಂಟು. ಮಕ್ಕಳ ಸಂತೋಷಕ್ಕೆಂದು ದಾರಿಬದಿಯ ಕಪಿಗಳಿಗೆ ಬಾಳೆಹಣ್ಣು, ಬಿಸ್ಕತ್ತುಗಳನ್ನು ಎಸೆಯುವುದು ಬೇಡ. ಮಂಗ ಈಗಾಗಲೇ ರಸ್ತೆಗೆ ಇಳಿದಾಗಿದೆ. ಸಿಂಗಳೀಕಕ್ಕೂ ಆ ಪಾಠವನ್ನು ಕಲಿಸಿದರೆ ಚಕ್ರದಡಿಗೆ ಕರೆದಂತೆಯೇ ಸರಿ. ಅದನ್ನು ಕಾಣುವ ಭಾಗ್ಯ ಬಂದರೆ ಕೆಳಗೆ ಸುಮ್ಮನೆ ನಿಂತು, ಕತ್ತೆತ್ತಿ ನೋಡಿ, ಮುಂದೆ ನಡೆಯಬೇಕು.

ಉಳಿದ ಕೆಲಸ ಊರವರದು ಮತ್ತು ಅರಣ್ಯಾಧಿಕಾರಿಗಳದು. ಕೊಯ್ಲಿನ ಹಕ್ಕು ದೂರದ ಗುತ್ತಿಗೆದಾರನಿಗಿಂತ ಆಯಾ ಗ್ರಾಮದ ಅರಣ್ಯ ಸಮಿತಿಗೆ ಇದ್ದರೆ, ಕೊಯ್ಲಿನ ದಿನವನ್ನು ಊರೇ ಕೂಡಿ ಗೊತ್ತುಮಾಡಿದರೆ, ಕಡಿಮೆ ಸೌದೆಯ ಒಲೆಗಳು ಬಂದರೆ, ಬೇಲಿಯ ಮೇಲೂ ಸೊಪ್ಪಿನ ಬೆಟ್ಟದಲ್ಲಿಯೂ ಉಪ್ಪಾಗೆಯನ್ನು ನೆಟ್ಟು ಬೆಳೆಸಿದರೆ, ಮಾಗಿದ ಹಣ್ಣಿಗೆ ಮನುಷ್ಯನೂ ಕಾಯಬಲ್ಲ. ಉಪ್ಪಾಗೆಯ ಮರದ ಕೆಳಗಿನ ಕೊಂಬೆಗಳು ದೋಟಿಗೆ ಸಿಗುತ್ತವೆ; ನೆತ್ತಿಯ ಕೊಂಬೆಗಳಿಗೆ ಪ್ರಾಣದ ಹಂಗು ತೊರೆದು ಹತ್ತಬೇಕು. ಆ ನೆತ್ತಿಯ ಹಣ್ಣನ್ನು ಸಿಂಗಳೀಕದ ಪಾಲೆಂದು ಬಿಟ್ಟು ಬಂದರೆ ಹೆಡಿಗೆ ಸ್ವಲ್ಪ ಹಗುರವಾದೀತು. ಆದರೆ ಮುಂದಿನ ಮಳೆಗಾಲಕ್ಕೂ, ಅದರ ಮುಂದಿನ ಮಳೆಗಾಲಕ್ಕೂ ಹೆಡಿಗೆ ಹೊರುವ ಕೆಲಸ ಇದ್ದೇ ಇರುತ್ತದೆ.